ಪ್ರಶ್ನೋತ್ತರ: ಸ್ಯಾಂಪಲ್ ರೂಮಿನಿಂದ ಮೊದಲ ಕಾದಂಬರಿಗೆ

ಉಡುಪು ಮತ್ತು ಫ್ಯಾಷನ್ ಉದ್ಯಮದಲ್ಲಿ ಬಹುಕಾಲ ದುಡಿದು, ಈಗ ಮೊದಲ ಕಾದಂಬರಿ ಬರೆಯಲು ಕುಳಿತಿರುವ ಕೆಲವರ ಪತ್ರಗಳು ಒಟ್ಟಿಗೇ ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ರಫ್ತು ಉಡುಪು ಕಂಪನಿಯೊಂದಕ್ಕೆ ಮರ್ಚಂಡೈಸರ್ (ಖರೀದಿದಾರರ ಆರ್ಡರುಗಳನ್ನು ನೋಡಿಕೊಳ್ಳುವವಳು) ಆಗಿ ಸೇರಿ, ಡಿಸೈನ್ ವಿಭಾಗದ ಮುಖ್ಯಸ್ಥೆಯಾಗಿ ಕೆಲಸ ಬಿಟ್ಟವಳು. ಕಾದಂಬರಿಯ ಮೊದಲ ಕರಡು ಮುಗಿದಿದೆ. ಕಥೆ ಪ್ಯಾರಿಸಿನ ಬಟ್ಟೆ ಮೇಳದಲ್ಲಿ ಆರಂಭವಾಗುತ್ತದೆ. 2005ರಲ್ಲಿ ಜವಳಿ ರಫ್ತಿಗೆ ಮಿತಿ ಹಾಕುತ್ತಿದ್ದ ಕೋಟಾ ಪದ್ಧತಿ ಕೊನೆಗೊಂಡದ್ದು, 2008ರ ಆರ್ಥಿಕ ಕುಸಿತ, 2013ರಲ್ಲಿ ಬಾಂಗ್ಲಾದೇಶದ ಗಾರ್ಮೆಂಟ್ ಕಟ್ಟಡ ಕುಸಿದ ರಾಣಾ ಪ್ಲಾಜಾ ದುರಂತ, 2016ರ ಪಿಎಫ್ ಹೋರಾಟ, 2020ರ ಲಾಕ್‌ಡೌನ್, ಹೀಗೆ ಉದ್ಯಮವನ್ನು ಅಲುಗಾಡಿಸಿದ ಎಲ್ಲವೂ ಅದರಲ್ಲಿವೆ. ಓದಿದ ಇಬ್ಬರು ಗೆಳತಿಯರು ‘ವರದಿ ಓದಿದ ಹಾಗಾಯಿತು’ ಎಂದರು. ಎಲ್ಲಿ ಎಡವಿದ್ದೇನೆಂದು ತಿಳಿಯುತ್ತಿಲ್ಲ. ಮೂರು ಅಧ್ಯಾಯಗಳನ್ನು ಲಗತ್ತಿಸಿದ್ದೇನೆ.
(ಬೆಂಗಳೂರು)

ಉತ್ತರ: ನಿಮ್ಮ ಗೆಳತಿಯರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಮೊದಲೆರಡು ಅಧ್ಯಾಯಗಳು ವರದಿಯೇ ಹೌದು. ಆದರೆ ಮೂರನೆಯದರ ನಡುವೆ ಒಂದೂವರೆ ಪುಟ ಇದ್ದಕ್ಕಿದ್ದಂತೆ ಕಾದಂಬರಿಯಾಗಿಬಿಟ್ಟಿದೆ. ವಿಚಿತ್ರವೆಂದರೆ ಆ ಭಾಗವನ್ನೇ ನೀವು ಮುಂದಿನ ಮೀಟಿಂಗಿಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿದ್ದದ್ದೆಂಬಂತೆ ಅವಸರದಲ್ಲಿ ದಾಟಿಸಿದ್ದೀರಿ. ಅದು ಸೂಜಿ ಮುರಿದ ಪ್ರಸಂಗ.

ಗಾರ್ಮೆಂಟ್ ಕಾರ್ಖಾನೆಯ ಒಳಗನ್ನು ಕಾಣದ ಓದುಗರಿಗಾಗಿ ಅದನ್ನು ಸ್ವಲ್ಪ ವಿವರಿಸಬೇಕು. ರಫ್ತಿಗೆ ಹೊಲಿಯುವಲ್ಲಿ, ಅದರಲ್ಲೂ ಮಕ್ಕಳ ಉಡುಪಿನ ಲೈನಿನಲ್ಲಿ (ಹೊಲಿಗೆ ಯಂತ್ರಗಳ ಸಾಲಿನಲ್ಲಿ), ಯಂತ್ರದ ಸೂಜಿ ಮುರಿದರೆ ಕೇಳಿದ ಕೂಡಲೇ ಹೊಸದು ಸಿಗುವುದಿಲ್ಲ. ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿಟ್ಟು, ಸೂಜಿ ಪೂರ್ತಿಯಾಗಿದೆಯೆಂದು ತೋರಿಸಿ, ರಿಜಿಸ್ಟರಿನ ಪುಟಕ್ಕೆ ಟೇಪು ಹಚ್ಚಿ ಅಂಟಿಸಿ, ಯಂತ್ರದ ಸಂಖ್ಯೆಯನ್ನೂ ಹೊತ್ತನ್ನೂ ಬರೆದು ಸಹಿ ಮಾಡಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಕಾಣೆಯಾದರೂ ಸುತ್ತಲಿನ ಪೀಸುಗಳನ್ನೆಲ್ಲ ಪಕ್ಕಕ್ಕೆ ತೆಗೆದು, ನೆಲದ ಮೇಲೆ ಅಯಸ್ಕಾಂತ ಆಡಿಸಿ, ಬಟ್ಟೆಯನ್ನು ಲೋಹಶೋಧಕದ ಮೂಲಕ ಹಾಯಿಸಬೇಕು, ಏಕೆಂದರೆ ಯಾವುದೋ ದೇಶದ ಮಗುವಿನ ಕೊರಳಿಗೆ ಅದು ಚುಚ್ಚಿದರೆ ಆರ್ಡರಷ್ಟೇ ಅಲ್ಲ, ಖರೀದಿದಾರರೇ ಕೈಬಿಟ್ಟು ಹೋಗುತ್ತಾರೆ. ನಿಮ್ಮ ಪ್ರಸಂಗದಲ್ಲಿ ಮದ್ದೂರಿನಿಂದ ದಿನವೂ ಕಂಪನಿಯ ಬಸ್ಸಿನಲ್ಲಿ ಬರುವ ಟೈಲರ್ ಹೆಂಗಸು ಯಂತ್ರದಡಿ ಮಂಡಿಯೂರಿ ಚೂರನ್ನು ಹುಡುಕುತ್ತಿದ್ದಾಳೆ. ಹಿಂದಿನ ಯಂತ್ರದವಳು ಹೊಲಿದು ಮುಗಿಸಿದ ತೋಳುಗಳು ಇವಳ ಟೇಬಲ್ಲಿನ ಮೇಲೆ ಒಟ್ಟಲಾಗುತ್ತಿವೆ, ಸೂಪರ್‌ವೈಸರ್ ಗಂಟೆಗೊಮ್ಮೆ ಪ್ರೊಡಕ್ಷನ್ ಬರೆಯುವ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತಿದ್ದಾನೆ. ಚೂರು ತನ್ನ ಸೆರಗಿನ ಅಂಚಿನಲ್ಲೇ ಸಿಕ್ಕಿಕೊಂಡಿರುವುದು ಅವಳಿಗೆ ಕಾಣಿಸುತ್ತದೆ, ಆದರೂ ಅವಳು ಕೆಲವು ಕ್ಷಣ ಯಾರಿಗೂ ಹೇಳದೆ ಹಾಗೆಯೇ ನೆಲದ ಮೇಲೆ ಕುಳಿತಿರುತ್ತಾಳೆ.

ಅವಳು ಏಕೆ ಸುಮ್ಮನಿದ್ದಳೆಂದು ನೀವು ಬರೆದಿಲ್ಲ, ಬರೆಯದಿದ್ದುದೇ ಒಳ್ಳೆಯದಾಯಿತು. ಆದರೆ ನಾನು ಓದುಗನಾಗಿ ಅವಳ ಹಿಂದೆಯೇ ಹೋಗಲು ಸಿದ್ಧನಿದ್ದಾಗ ನೀವು ನನ್ನನ್ನು ಎರಡನೆಯ ಮಹಡಿಯ ಕಾನ್ಫರೆನ್ಸ್ ಕೋಣೆಗೆ ಕರೆದೊಯ್ದು, ಖರೀದಿದಾರರ ಪ್ರತಿನಿಧಿಯೊಂದಿಗೆ ಪ್ರತಿ ಪೀಸಿನ ದರದ ಬಗ್ಗೆ ನಡೆದ ಚರ್ಚೆಯನ್ನು ಒಂಬತ್ತು ಪುಟ ಕೇಳಿಸಿದಿರಿ. ಆ ಚರ್ಚೆಯಲ್ಲಿ ಇರುವುದೆಲ್ಲ ನಿಜವೇ ಆಗಿರಬಹುದು. ಅದರಿಂದ ಯಾರಿಗೆ ಏನು ದಕ್ಕಬೇಕಾಗಿದೆ, ದಕ್ಕದಿದ್ದರೆ ಯಾರ ಮನೆಯಲ್ಲಿ ಏನು ನಿಂತುಹೋಗುತ್ತದೆ ಎಂಬುದು ಮಾತ್ರ ಆ ಒಂಬತ್ತು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಐದು ಐತಿಹಾಸಿಕ ಘಟನೆಗಳ ವಿಷಯಕ್ಕೆ ಬರುತ್ತೇನೆ. ಒಂದನ್ನು ಉಳಿಸಿಕೊಂಡು ನಾಲ್ಕನ್ನು ಬಿಡಬೇಕೆಂಬುದು ನನ್ನ ಸಲಹೆ, ಮತ್ತು ಉಳಿಸಿಕೊಳ್ಳಬೇಕಾದದ್ದು 2016ರ ಏಪ್ರಿಲ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಭವಿಷ್ಯ ನಿಧಿಯಲ್ಲಿ (ಪಿಎಫ್) ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಾರ್ಖಾನೆಗಳ ಹೆಂಗಸರು ಹೊಸೂರು ರಸ್ತೆಗೆ ಇಳಿದರು, ಮರುದಿನ ಅದು ನಗರದ ಬೇರೆ ಭಾಗಗಳಿಗೂ ಹಬ್ಬಿತು, ಅಂದೇ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ದೊಡ್ಡ ಕಾರ್ಮಿಕ ಸಂಘಗಳು ಕರೆ ಕೊಟ್ಟು ನಡೆಸಿದ ಚಳವಳಿ ಅದಾಗಿರಲಿಲ್ಲ. ನಿಮ್ಮ ಕರಡಿನಲ್ಲಿ ಇದು ಒಂದು ಪ್ಯಾರಾದಲ್ಲಿ ಮುಗಿದಿದೆ, ಅದೂ ‘ಶಿಪ್‌ಮೆಂಟ್ ಎರಡು ದಿನ ತಡವಾಯಿತು’ ಎಂಬ ವಾಕ್ಯದೊಂದಿಗೆ.

ಆ ಎರಡು ದಿನ ನಿಮ್ಮ ನಾಯಕಿ ಎಲ್ಲಿದ್ದಳು? ಅವಳ ಸಂಬಳದ ಚೀಟಿಯಲ್ಲಿ ಪಿಎಫ್ ಎಂಬುದು ಮಾರ್ಚ್ ತಿಂಗಳಿನಲ್ಲಿ ತೆರಿಗೆ ಉಳಿಸುವಾಗ ನೆನಪಾಗುವ ಒಂದು ಸಾಲು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಅದು ಮಗಳ ಮದುವೆ, ಬೋಗ್ಯದ ಮನೆಯ ಮುಂಗಡ, ಕೈಸಾಲದಿಂದ ಬಿಡುಗಡೆ. ಕೆಲಸ ಬಿಟ್ಟು, ಪಿಎಫ್ ತೆಗೆದು, ಸಾಲ ತೀರಿಸಿ, ಮತ್ತೊಂದು ಕಾರ್ಖಾನೆಗೆ ಹೊಸದಾಗಿ ಸೇರುವ ರೂಢಿ ಎಷ್ಟೋ ಹೆಂಗಸರ ಜೀವನಕ್ರಮವೇ ಆಗಿತ್ತು. ಇದು ನಿಮಗೆ ಅಂದು ತಿಳಿದಿತ್ತೇ ಎಂದು ನಾನು ಕೇಳುತ್ತಿಲ್ಲ. ನಾಯಕಿಗೆ ತಿಳಿದಿತ್ತೇ ಎಂದು ಕೇಳುತ್ತಿದ್ದೇನೆ. ತಿಳಿದಿರಲಿಲ್ಲವೆಂದಾದರೆ, ಕಿಟಕಿಯಿಂದ ಕೆಳಗೆ ನೋಡುತ್ತಿರುವಾಗ ರಸ್ತೆಯಲ್ಲಿ ಕುಳಿತವರ ನಡುವೆ ಆ ಸೂಜಿಯ ಹೆಂಗಸನ್ನು ಗುರುತು ಹಿಡಿಯುವ ಹೊತ್ತು ನಿಮ್ಮ ಕಾದಂಬರಿಗೆ ಕಾದಿದೆ.

ಇನ್ನು ಗದ್ಯದ ಮಾತು. ನೀವು ವೃತ್ತಿಜೀವನದ ಉದ್ದಕ್ಕೂ ಬರೆದದ್ದು ಇಮೇಲುಗಳನ್ನು. ಮರ್ಚಂಡೈಸರ್ ಬರೆಯುವ ಇಮೇಲಿನ ಪ್ರತಿ ವಾಕ್ಯವೂ ತಡವಾದದ್ದು ಯಾರಿಂದ, ಒಪ್ಪಿಗೆ ಕೊಟ್ಟವರು ಯಾರು, ಮುಂದಿನ ಜವಾಬ್ದಾರಿ ಯಾರದು ಎಂಬುದನ್ನು ದಾಖಲಿಸಲು ಹೊರಟಿರುತ್ತದೆ. ಅದು ಅಲ್ಲಿಗೆ ಬೇಕಾದ ಗುಣವೇ. ಆದರೆ ಕಾದಂಬರಿಯಲ್ಲೂ ನಿಮ್ಮ ಪಾತ್ರಗಳು ಬಾಯಿ ತೆರೆದಾಗಲೆಲ್ಲ ತಮ್ಮ ಮೇಲಿನ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವಷ್ಟು ಸ್ಪಷ್ಟವಾಗಿ ಮಾತನಾಡುತ್ತಾರೆ. ಸಂಭಾಷಣೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಪ್ರತಿ ಮಾತೂ ಪೂರ್ಣವಾಗಿ ಮುಗಿಯುತ್ತಿದ್ದರೆ ಅರ್ಧವನ್ನು ಕತ್ತರಿಸಿ.

ಪಾತ್ರ ಪ್ರವೇಶವಾದ ಕೂಡಲೇ ತಲೆಯಿಂದ ಕಾಲಿನವರೆಗೆ ಉಡುಪಿನ ವಿವರ ಕೊಡುವ ಅಭ್ಯಾಸವನ್ನೂ ಬಿಡಬೇಕು. ಬಟ್ಟೆಯನ್ನು ನೋಡಿ ಅದರ ನೇಯ್ಗೆ, ದಾರ, ದರಗಳನ್ನು ಹೇಳಬಲ್ಲ ಕಣ್ಣು ನಿಮ್ಮದು, ಅದು ದೊಡ್ಡ ಆಸ್ತಿ. ಆದರೆ ಓದುಗರಿಗೆ ಬಟ್ಟೆ ನೆನಪಿನಲ್ಲಿ ಉಳಿಯುವುದು ಅದನ್ನು ಯಾರಾದರೂ ಕಡ ತಂದಿದ್ದರೆ, ಮುಚ್ಚಿಟ್ಟಿದ್ದರೆ, ಅಳತೆ ತಪ್ಪಿದ್ದರೂ ತೊಟ್ಟಿದ್ದರೆ. ಲೇಬಲ್ ಕತ್ತರಿಸಿದ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಿಯೊಂದು ಬೆಂಗಳೂರಿನ ಅಂಗಡಿಯಿಂದ ಅದನ್ನು ಹೊಲಿದವಳ ಮಗನ ಮೈಮೇಲೆ ಬಂದು, ಕೊರಳಪಟ್ಟಿಯ ಹೊಲಿಗೆಯನ್ನು ನೋಡಿ ಅವಳು ‘ಇದು ನಮ್ಮ ಲೈನಿನದಲ್ಲ’ ಎಂದು ಹೇಳಿದರೆ, ಅಲ್ಲಿ ಅಂಗಿಯ ಬಣ್ಣವನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ.

ಪ್ಯಾರಿಸಿನ ಅಧ್ಯಾಯವನ್ನು ಸದ್ಯಕ್ಕೆ ತೆಗೆದಿಡಿ. ಕಾದಂಬರಿಯೆಂದರೆ ಹೊಲಿಗೆಯ ಹಾಗೆ ಎಂಬ ಮಾತು ನಿಮ್ಮ ಪತ್ರದಲ್ಲಿ ಮೂರು ಕಡೆ ಬಂದಿದೆ. ಅದನ್ನು ಮುನ್ನುಡಿಗೂ ತರಬೇಡಿ, ವಿಮರ್ಶಕರು ಹೇಗಿದ್ದರೂ ಅದನ್ನೇ ಬರೆಯುತ್ತಾರೆ.

ಪ್ರಶ್ನೆ: ಫ್ಯಾಷನ್ ಪತ್ರಿಕೆಯೊಂದರಲ್ಲಿ ಸ್ಟೈಲಿಸ್ಟ್ ಆಗಿದ್ದೆ. ಅಲ್ಲಿನ ಸಂಪಾದಕಿಯಿಂದ ಅನುಭವಿಸಿದ್ದನ್ನು ಕಾದಂಬರಿಯಾಗಿಸುತ್ತಿದ್ದೇನೆ. ಅಮೆರಿಕದಲ್ಲಿ ಇಂಥದೇ ಕಾದಂಬರಿ ಬರೆದು ಒಬ್ಬಾಕೆ ಹೆಸರು ಮಾಡಿದರಲ್ಲ! ಹೆಸರು, ಊರು ಬದಲಿಸಿ, ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎಂದು ಮೊದಲ ಪುಟದಲ್ಲಿ ಹಾಕಿದರೆ ಸಾಕಲ್ಲವೇ?
(ಮಂಗಳೂರು)

ಉತ್ತರ: ಸಾಲದು. ನೀವು ಹೇಳುತ್ತಿರುವುದು ಲಾರೆನ್ ವೈಸ್‌ಬರ್ಗರ್ ಅವರ 2003ರ ಕಾದಂಬರಿ ‘ದಿ ಡೆವಿಲ್ ವೇರ್ಸ್ ಪ್ರಾಡಾ’ವನ್ನು. ಆಕೆ ವೋಗ್ ಫ್ಯಾಷನ್ ಪತ್ರಿಕೆಯ ಅಂದಿನ ಸಂಪಾದಕಿ ಆನಾ ವಿಂಟೂರ್ ಅವರ ಸಹಾಯಕಿಯಾಗಿದ್ದವರು. ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಮಾನಹಾನಿ ಇಂದಿಗೂ ಅಪರಾಧ. ಹೇಳಿದ್ದು ನಿಜವೆಂದಷ್ಟೇ ತೋರಿಸಿದರೆ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆಂದೂ ತೋರಿಸಬೇಕಾಗುತ್ತದೆ. ಪರಿಚಿತರು ಓದಿದ ಕೂಡಲೇ ‘ಇದು ಅವರೇ’ ಎಂದು ಗುರುತಿಸುವಂತಿದ್ದರೆ ಹೆಸರು ಬದಲಿಸಿದ್ದರಿಂದಾಗಲೀ ಮೊದಲ ಪುಟದ ಘೋಷಣೆಯಿಂದಾಗಲೀ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಅದನ್ನು ಹುಡುಕಿ ತೆಗೆದು ವಕೀಲರಿಗೆ ತೋರಿಸಿ.

ಕಾನೂನಿಗಿಂತ ನನಗೆ ಹೆಚ್ಚು ಚಿಂತೆಯಿರುವುದು ಆ ಪಾತ್ರದ ಬಗ್ಗೆಯೇ. ನೀವು ಪತ್ರದಲ್ಲಿ ವರ್ಣಿಸಿರುವ ಸಂಪಾದಕಿ ಕಾಫಿ ಆರಿದೆಯೆಂದು ಲೋಟ ತಳ್ಳುತ್ತಾರೆ, ನಡುರಾತ್ರಿ ಫೋನು ಮಾಡುತ್ತಾರೆ, ಎಲ್ಲರೆದುರು ನಿಮ್ಮ ಚಪ್ಪಲಿಯನ್ನು ಹಾಸ್ಯ ಮಾಡುತ್ತಾರೆ. ಇವೆಲ್ಲ ನಡೆದಿರಬಹುದು. ಆದರೆ ಓದುಗರಿಗೆ ಈ ಹೆಂಗಸು ಈಗಾಗಲೇ ಆ ಕಾದಂಬರಿಯ ಸಿನಿಮಾದಿಂದ ಪರಿಚಿತಳು. ನಿಮ್ಮ ಪತ್ರದ ಕೊನೆಯಲ್ಲಿ, ಬೇಡವೆಂಬಂತೆ ಸೇರಿಸಿರುವ ಒಂದು ವಿವರವಿದೆ: ನಿಮ್ಮ ಕೈಕೆಳಗೆ ಬಂದ ಹೊಸ ಹುಡುಗಿಗೆ ನೀವೂ ಒಂದು ದಿನ ಅದೇ ಧ್ವನಿಯಲ್ಲಿ ಮಾತನಾಡಿದಿರಿ, ಮತ್ತು ಆ ಹುಡುಗಿ ಮರುದಿನದಿಂದ ಬರಲಿಲ್ಲ. ನಾನಾದರೆ ಸಂಪಾದಕಿಯನ್ನು ಹಿನ್ನೆಲೆಗೆ ಸರಿಸಿ, ಆ ಹುಡುಗಿ ಬಾರದ ಬೆಳಿಗ್ಗೆಯಿಂದ ಬರೆಯುತ್ತಿದ್ದೆ. ಸಂಪಾದಕಿಗೆ ನಾಲ್ಕಾರು ಬೇರೆ ಬೇರೆ ಮೇಲಧಿಕಾರಿಗಳ ಗುಣಗಳನ್ನು ಹಂಚಿ, ಒಂದಾದರೂ ಪ್ರೀತಿಪಾತ್ರವಾದ ಅಭ್ಯಾಸವನ್ನು ಕೊಡಿ. ಆಗ ಮೊಕದ್ದಮೆಯ ಭಯವೂ ತಾನಾಗಿಯೇ ಕಡಿಮೆಯಾಗುತ್ತದೆ.

ಪ್ರಶ್ನೆ: ಜವಳಿ ವಿನ್ಯಾಸಕಿಯಾಗಿ ಇಳಕಲ್ಲಿನ ನೇಕಾರರೊಂದಿಗೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ನೇಕಾರ ಕುಟುಂಬವೊಂದರ ಮೂರು ತಲೆಮಾರಿನ ಕಥೆ ಬರೆಯುವ ಆಸೆ. ನಾನು ಆ ಸಮುದಾಯದವಳಲ್ಲ. ಬರೆಯಲು ನನಗೆ ಅಧಿಕಾರವಿದೆಯೇ ಎಂಬ ಅಳುಕು ಕಾಡುತ್ತಿದೆ.
(ಹುಬ್ಬಳ್ಳಿ)

ಉತ್ತರ: ಅಧಿಕಾರವನ್ನು ಯಾರೂ ಮೊದಲೇ ಕೊಡುವುದಿಲ್ಲ, ಬರೆದದ್ದನ್ನು ನೋಡಿ ಆಮೇಲೆ ಒಪ್ಪುತ್ತಾರೆ ಅಥವಾ ಒಪ್ಪುವುದಿಲ್ಲ. ಫ್ರಾನ್ಸಿನ ಎಮಿಲ್ ಜೋಲಾ ಎಂದೂ ಬಟ್ಟೆ ವ್ಯಾಪಾರ ಮಾಡಿದವರಲ್ಲ. ಆದರೂ ಪ್ಯಾರಿಸಿನ ಬೃಹತ್ ಬಟ್ಟೆ ಮಳಿಗೆಯೊಂದು ಸುತ್ತಲಿನ ಸಣ್ಣ ಅಂಗಡಿಗಳನ್ನು ನುಂಗುವ ಕಥೆಯನ್ನು 1883ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದರು. ಅದಕ್ಕಾಗಿ ಬಾನ್ ಮಾರ್ಶೆಯಂಥ ಮಳಿಗೆಗಳಿಗೆ ಹೋಗಿ, ಮಾರಾಟದ ಹುಡುಗಿಯರು ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ, ಕಮಿಷನ್ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. ಹೊರಗಿನವರು ಬರೆಯಬೇಕಾದರೆ ಆ ಮಟ್ಟದ ಶ್ರಮ ಬೇಕು.

ನಿಮಗೆ ಆ ಶ್ರಮ ಅರ್ಧ ಆಗಿಯೇ ಹೋಗಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದನೆಯ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದು, ಅದಕ್ಕಾಗಿ ಸೀರೆಯ ಉದ್ದಕ್ಕೆ ತಕ್ಕಂತೆ ಹಾಸು ಸಿದ್ಧಪಡಿಸುವುದು, ಕಂಡಿಕೆಗೆ (ಲಾಳಿಯೊಳಗಿನ ನೂಲಿನ ಕೊಳವೆ) ನೂಲು ಸುತ್ತುವ ಕೆಲಸ ಮನೆಯ ಹೆಂಗಸರ ಪಾಲಿಗೆ ಬಂದು ಅದಕ್ಕೆ ಪ್ರತ್ಯೇಕ ಕೂಲಿಯೇ ಇಲ್ಲದಿರುವುದು, ಇವನ್ನೆಲ್ಲ ನೀವು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಜೇಡರ ದಾಸಿಮಯ್ಯನ ಕಾಲದಿಂದಲೂ ಮಗ್ಗದ ಬದುಕು ಕನ್ನಡದ ಮಾತಿನೊಳಗೆ ಇದೆ, ಓದುಗರಿಗೆ ಅದು ಅಪರಿಚಿತವೂ ಅಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಮೂರು ತಲೆಮಾರಿನ ಕಥೆಯ ಸಾರಾಂಶದಲ್ಲಿ ನೀವೇ ಇಲ್ಲ. ಬೆಂಗಳೂರಿನ ಮಳಿಗೆಗೆ ಬೇಕೆಂದು ತಿಳಿ ಬಣ್ಣಗಳ ಕಾರ್ಡು ಹಿಡಿದು ಹೋಗಿ, ಕೆಂಪು ಸೆರಗಿಲ್ಲದ ಇಳಕಲ್ ಸೀರೆಯನ್ನು ನೇಯಿಸಿದವರು ನೀವು. ನೇಕಾರ ಅದನ್ನು ನೇಯ್ದುಕೊಟ್ಟ, ಆದರೆ ಅವನ ಹೆಂಡತಿ ಅದನ್ನು ಸೀರೆಯೆಂದು ಒಪ್ಪಲೇ ಇಲ್ಲವೆಂದು ನೀವೇ ಬರೆದಿದ್ದೀರಿ. ಆ ಸೀರೆ ಮಾರಾಟವಾಯಿತೇ, ಮುಂದಿನ ವರ್ಷ ಮಳಿಗೆಯವರ ರುಚಿ ಬದಲಾದಾಗ ಉಳಿದ ನೂಲನ್ನು ಯಾರು ಇಟ್ಟುಕೊಂಡರು, ಅದರ ದುಡ್ಡನ್ನು ಯಾರು ಕಳೆದುಕೊಂಡರು? ಹೊರಗಿನವಳನ್ನು ಕಥೆಯೊಳಗೆ ತಂದರೆ ಹೊರಗಿನವಳೆಂಬ ಅಳುಕನ್ನು ಬಚ್ಚಿಡಬೇಕಾಗಿಲ್ಲ. ಮೊದಲ ತಲೆಮಾರಿನ ಅಧ್ಯಾಯಗಳನ್ನು ಕೈಬಿಟ್ಟರೂ ನಷ್ಟವಿಲ್ಲವೆಂದು ನನಗೆ ತೋರುತ್ತದೆ.

ಪ್ರಶ್ನೆ: ಬೊಟೀಕ್ ಮುಚ್ಚಿ ಬರೆಯಲು ಕುಳಿತಿದ್ದೇನೆ. ನಲವತ್ತೈದು ದಾಟಿದ ಮೇಲೆ ಮೊದಲ ಕಾದಂಬರಿಯೇ?
(ತಿಪಟೂರು)

ಉತ್ತರ: 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ವಯಸ್ಸಿನಿಂದ ಆಗುವ ಒಂದೇ ನಿಜವಾದ ತೊಂದರೆಯೆಂದರೆ, ಚೊಚ್ಚಲ ಕೃತಿಗಳಿಗೆಂದು ಇರುವ ಕೆಲವು ಪ್ರೋತ್ಸಾಹಧನದ ಯೋಜನೆಗಳಿಗೆ ವಯೋಮಿತಿಯಿದೆ. ಅರ್ಜಿ ಹಾಕುವ ಮೊದಲು ನಿಯಮಗಳನ್ನು ಓದಿಕೊಳ್ಳಿ.

ಪ್ರಶ್ನೆ: ಮುಂಬಯಿಯ ಡಿಸೈನರ್ ಒಬ್ಬರ ವರ್ಕ್‌ಶಾಪಿನಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದೆ. ಅಲ್ಲಿ ಕೇಳಿಸುವುದೆಲ್ಲ ಹಿಂದಿ, ಮರಾಠಿ, ಇಂಗ್ಲಿಷು. ಇದನ್ನು ಕನ್ನಡದಲ್ಲಿ ಬರೆದರೆ ಕೃತಕವಾಗುವುದಿಲ್ಲವೇ? ಪಾರಿಭಾಷಿಕ ಪದಗಳಿಗೆ ಕೊನೆಯಲ್ಲಿ ಅರ್ಥಕೋಶ ಕೊಡಬೇಕೇ?
(ಡೊಂಬಿವಲಿ)

ಉತ್ತರ: ಪ್ಲಾಸ್ಟಿಕ್ ಮತ್ತು ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಿದ್ದ ಯಶವಂತ ಚಿತ್ತಾಲರು ನಿಮ್ಮದೇ ಮುಂಬಯಿಯ ಕಂಪನಿ ಜಗತ್ತನ್ನು 1979ರ ‘ಶಿಕಾರಿ’ಯಲ್ಲಿ ಕನ್ನಡದಲ್ಲಿ ಬರೆದರು. ಆ ಕಚೇರಿಗಳೂ ಕನ್ನಡದಲ್ಲಿ ನಡೆಯುತ್ತಿರಲಿಲ್ಲ. ಕಥೆ ಹೇಳುವ ಮನಸ್ಸು ಕನ್ನಡದ್ದಾಗಿದ್ದರೆ ಸುತ್ತಲಿನವರ ಮಾತು ಕನ್ನಡಕ್ಕೆ ಬಂದೇ ಬರುತ್ತದೆ.

ಆರ್ಮ್‌ಹೋಲ್, ಡಾರ್ಟ್, ಅಡ್ಡಾ, ಕಾರೀಗರ್ ಎಂಬ ಮಾತುಗಳನ್ನು ವರ್ಕ್‌ಶಾಪಿನಲ್ಲಿ ಕೇಳಿಸುವಂತೆಯೇ ಇಡಿ. ಮೊದಲ ಸಲ ಬಂದಾಗ ಆ ಪದದೊಂದಿಗೆ ಒಂದು ಕೆಲಸ ನಡೆಯಲಿ. ಜರ್ದೋಸಿ ಕಸೂತಿಯ ಕಾರೀಗರ್ ಅಡ್ಡಾದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಬಿಗಿ ಸಾಕೇ ಎಂದು ಬೆರಳಿನಿಂದ ತಟ್ಟಿ ನೋಡಿದರೆ ಅಡ್ಡಾ ಏನೆಂಬುದು ಓದುಗರಿಗೆ ತಿಳಿದುಹೋಗುತ್ತದೆ, ಅರ್ಥಕೋಶ ಬೇಕಾಗುವುದಿಲ್ಲ. ಆದರೆ ಹಿಂದಿಯ ಉದ್ದುದ್ದ ಸಂಭಾಷಣೆಗಳನ್ನು ಕನ್ನಡ ಲಿಪಿಯಲ್ಲಿ ಪುಟಗಟ್ಟಲೆ ಇಳಿಸಬೇಡಿ. ನೈಜತೆಯ ಹೆಸರಿನಲ್ಲಿ ಇತ್ತೀಚೆಗೆ ಇದು ಹೆಚ್ಚಾಗುತ್ತಿದೆ, ಮತ್ತು ಅಂಥ ಪುಟಗಳನ್ನು ಓದುಗರು ಮಗುಚಿ ಮುಂದೆ ಹೋಗುತ್ತಾರೆಂಬುದು ನನ್ನ ಅನುಭವ.

ಪ್ರಶ್ನೆ: ಹಸ್ತಪ್ರತಿ ಸಿದ್ಧವಾಗಿದೆ. ಪ್ರಕಾಶಕರೊಂದಿಗೆ ಮಾತನಾಡುವಾಗ ಯಾವುದರ ಬಗ್ಗೆ ಎಚ್ಚರ ವಹಿಸಬೇಕು? ಇಷ್ಟು ವರ್ಷ ಡಿಸೈನರ್ ಆಗಿದ್ದುದರಿಂದ ಮುಖಪುಟವನ್ನು ನಾನೇ ಮಾಡಬೇಕೆಂದಿದ್ದೇನೆ.
(ಮೈಸೂರು)

ಉತ್ತರ: ಕರಾರು ಲಿಖಿತವಾಗಿರಲಿ. ಯಾವ ಹಕ್ಕುಗಳನ್ನು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಕೊಡುತ್ತಿದ್ದೀರೆಂಬುದು ಅದರಲ್ಲಿ ನಮೂದಾಗಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅವಧಿಯನ್ನು ಹೇಳದಿದ್ದರೆ ಹಕ್ಕು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ. ‘ಸಮಸ್ತ ಹಕ್ಕುಗಳೂ ಪ್ರಕಾಶಕರವು’ ಎಂಬ ಒಂದೇ ಸಾಲಿನ ಕಾಗದಕ್ಕೆ ಸಹಿ ಹಾಕಬೇಡಿ. ಅನುವಾದ, ಆಡಿಯೊ, ಸಿನಿಮಾ ಮತ್ತು ವೆಬ್ ಸರಣಿಯ ಹಕ್ಕುಗಳನ್ನು ಬೇರೆಬೇರೆಯಾಗಿಯೇ ಮಾತನಾಡಿ. ಫ್ಯಾಷನ್ ಜಗತ್ತಿನ ಕಥೆಯೆಂದರೆ ದೃಶ್ಯಮಾಧ್ಯಮದವರ ಕಣ್ಣು ಬೀಳುವ ಸಂಭವ ಉಳಿದ ಕಾದಂಬರಿಗಳಿಗಿಂತ ಹೆಚ್ಚು. ಪ್ರತಿಗಳನ್ನು ನೀವೇ ಕೊಳ್ಳಬೇಕೆಂದು ಕೇಳಿದರೆ ಎಷ್ಟು ಪ್ರತಿ, ಯಾವ ರಿಯಾಯಿತಿಯಲ್ಲಿ ಎಂಬುದೂ ಅದೇ ಕಾಗದದಲ್ಲಿ ಬರಲಿ.

ಮುಖಪುಟವನ್ನು ಮಾತ್ರ ಬೇರೆಯವರಿಗೆ ಬಿಡಿ. ನೀವು ಕಳುಹಿಸಿದ ಮಾದರಿಯಲ್ಲಿ ಟೇಪು, ಕತ್ತರಿ, ದಾರದುಂಡೆ, ಬೊಂಬೆ ಎಲ್ಲವೂ ಇವೆ, ಬಹಳ ಅಚ್ಚುಕಟ್ಟಾಗಿಯೂ ಇವೆ. ಆದರೆ ಕಾದಂಬರಿ ಇರುವುದು ಗಂಡನ ಅಂಗಡಿಯ ಲೆಕ್ಕಪುಸ್ತಕಗಳನ್ನು ಕದ್ದು ಓದುವ ಹೆಂಗಸಿನ ಮೇಲೆ. ಹಸ್ತಪ್ರತಿಯನ್ನು ಪೂರ್ತಿ ಓದಿದ ಕಲಾವಿದರೊಬ್ಬರು ಏನು ಬರೆಯುತ್ತಾರೋ ನೋಡಿ, ನಿಮ್ಮ ಮಾದರಿಯನ್ನು ಅವರಿಗೆ ತೋರಿಸಬೇಡಿ.